ಗೆಸ್ಟ್ ವೈಫೈ ಹಾಕಿದ್ದೀರಿ, ನಿಜವಾಗಲೂ ಬೇರೆಯಾಗಿದೆಯಾ? ಹುಡುಕುವುದು, ಸರಿಪಡಿಸುವುದು ಹೇಗೆ

ಬೆಂಗಳೂರಿನ ಮಾಮೂಲಿ ಮೂರಂತಸ್ತಿನ ಮನೆ. ಕೆಳಗೆ ಓನರ್ ದಂಪತಿ, ಮೇಲೆ ಮಗನ ಸಂಸಾರ, ಅದಕ್ಕೂ ಮೇಲೆ ಬಾಡಿಗೆಯವರು. ಫೈಬರ್ ಕನೆಕ್ಷನ್ ಮಾತ್ರ ಒಂದೇ. ಆಫೀಸ್ ಲ್ಯಾಪ್‌ಟಾಪ್, ಟಿವಿ, ಪ್ರಿಂಟರ್, ಗೇಟಿನ ಕ್ಯಾಮೆರಾ, ಗೀಸರ್‌ಗೆ ಹಾಕಿದ ಸ್ಮಾರ್ಟ್ ಪ್ಲಗ್, ಎಲ್ಲವೂ ಅದಕ್ಕೇ ಜೋತುಬಿದ್ದಿರುತ್ತವೆ. ಇವನ್ನು ಬೇರೆ ಬೇರೆ ಇಡುವುದು ಒಳ್ಳೆಯದು ಎಂದು ಈಗ ಬಹಳ ಜನಕ್ಕೆ ಗೊತ್ತು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾ ಚಿತ್ರ ದಾಖಲಿಸುವ ಬಾಕ್ಸ್), ರೂಟರ್‌ಗಳ ಒಳಗೆ ಸೇರಿಕೊಂಡಿತ್ತು. ಅದಕ್ಕೆ ದೊಡ್ಡ ಚಾಲಾಕಿತನವೇನೂ ಬೇಕಾಗಿರಲಿಲ್ಲ. ಕಂಪನಿ ಹಾಕಿ ಕಳಿಸಿದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ.

ಸರಿ, ಗೆಸ್ಟ್ ವೈಫೈ, ಅಂದರೆ ಹೊರಗಿನವರಿಗೆಂದು ಅದೇ ರೂಟರ್ ಕೊಡುವ ಬೇರೆ ವೈಫೈ, ಆನ್ ಮಾಡಿದಿರಿ. ಇದಾದ ಮೇಲೆ ಬರುವ ದೋಷ ಎರಡು ಥರ. ಒಂದು, ನಡೆಯಬೇಕಾದ್ದು ನಡೆಯುವುದಿಲ್ಲ: ಪ್ರಿಂಟರ್ ಕಾಣೆ, ಫೋನಿನ ವಿಡಿಯೋ ಟಿವಿಗೆ ಕಾಸ್ಟ್ ಆಗಲ್ಲ. ಇದಕ್ಕೆ ಮನೆಯಲ್ಲಿ ತಕ್ಷಣ ಗಲಾಟೆ ಶುರುವಾಗುತ್ತದೆ. ಎರಡನೆಯದು, ತಡೆಯಬೇಕಾದ್ದು ತಡೆದಿರುವುದಿಲ್ಲ. ಇದಕ್ಕೆ ಯಾರೂ ಗಲಾಟೆ ಮಾಡುವುದಿಲ್ಲ, ಯಾಕೆಂದರೆ ಎಲ್ಲರ ಕೆಲಸವೂ ಆರಾಮಾಗಿ ನಡೆಯುತ್ತಿರುತ್ತದೆ. ಹಾಗಾಗಿ ನಾನು ಯಾವಾಗಲೂ ಎರಡನೆಯದನ್ನೇ ಮೊದಲು ನೋಡುತ್ತೇನೆ.

ವಿಜಯನಗರದ ಒಂದು ಮನೆಯಲ್ಲಿ ಎರಡೂ ಒಟ್ಟಿಗೇ ಇದ್ದವು. ಎರಡಕ್ಕೂ ಕಾರಣ ಒಂದೇ. ಆ ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ದೂರು ಏನಿತ್ತು

ಮೇಲಿನ ಬಾಡಿಗೆಯ ಹುಡುಗ ಸಾಫ್ಟ್‌ವೇರ್‌ನವನು. ನೆಟ್ ನಿಧಾನವಾಗಿದೆ ಎಂದು ಟ್ರೇಸ್‌ರೂಟ್ (ನೆಟ್ ಯಾವ ಯಾವ ರೂಟರ್ ಹಾದು ಹೋಗುತ್ತದೆ ಎಂದು ತೋರಿಸುವ ಕಮಾಂಡ್) ಓಡಿಸಿದ್ದಾನೆ. ಮೊದಲ ಹೆಜ್ಜೆ 192.168.0.1, ಎರಡನೆಯದು 192.168.1.1. ಎರಡನೆಯದನ್ನು ಬ್ರೌಸರ್‌ನಲ್ಲಿ ಹೊಡೆದರೆ ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಬಾಕ್ಸಿನ ಲಾಗಿನ್ ಪುಟ ಬಂತು. ಅದೇ ಸಾಲಿನ (ಮೊದಲ ಮೂರು ಅಂಕಿ ಒಂದೇ ಇರುವ) ಇನ್ನೊಂದು ವಿಳಾಸಕ್ಕೆ ಡಿವಿಆರ್‌ನ ಲಾಗಿನ್ ಪುಟ. ಪುಣ್ಯಕ್ಕೆ ಒಳ್ಳೆಯ ಹುಡುಗ. ಕೆಳಗೆ ಬಂದು, "ಅಂಕಲ್, ನಿಮ್ಮ ಕ್ಯಾಮೆರಾ ಬಾಕ್ಸ್ ನನ್ನ ಮೊಬೈಲಲ್ಲಿ ಕಾಣ್ತಿದೆ, ಯಾರಿಗಾದ್ರೂ ತೋರಿಸಿ" ಎಂದಿದ್ದಾನೆ.

ಅದೇ ವಾರ ಮಗನದ್ದೂ ಒಂದು ದೂರು. ಕೆಳಗಿನ ಪ್ರಿಂಟರ್ ಅವನ ಲ್ಯಾಪ್‌ಟಾಪಿಗೆ ಕಾಣುತ್ತಲೇ ಇಲ್ಲ. ಅಪ್ಪನ ಫೋನಿನಿಂದ ಮಾತ್ರ ಸಲೀಸಾಗಿ ಪ್ರಿಂಟ್ ಬರುತ್ತದೆ.

ಮೊದಲು ಕಾಗದ, ಆಮೇಲೆ ಸೆಟ್ಟಿಂಗ್

ರೂಟರ್‌ಗೆ ಲಾಗಿನ್ ಆಗುವ ಮೊದಲು ಒಂದು ಕಾಗದದಲ್ಲಿ ಚಿತ್ರ ಬರೆಯಿರಿ. ಯಾವ ಬಾಕ್ಸಿನ ಯಾವ ತೂತಿನಿಂದ ಕೇಬಲ್ ಹೊರಟು ಎಲ್ಲಿಗೆ ಹೋಗಿದೆ? ಬೀರುವಿನ ಹಿಂದೆ ಹೋಗಿರುವುದನ್ನೂ ಬಿಡಬೇಡಿ. ಸಿಸಿಟಿವಿ ಹಾಕಿದವರು ಅಲ್ಲೊಂದು ಚಿಕ್ಕ ನೆಟ್‌ವರ್ಕ್ ಸ್ವಿಚ್ (ಒಂದು ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಬಾಕ್ಸ್) ಕೂರಿಸಿ ಹೋಗಿರುತ್ತಾರೆ, ಅದು ಮನೆಯವರಿಗೇ ಗೊತ್ತಿರುವುದಿಲ್ಲ.

ಆಮೇಲೆ ಪ್ರತಿ ಸಾಧನದ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ನಂಬರ್), ಗೇಟ್‌ವೇ ವಿಳಾಸ (ಅದು ಹೊರಗೆ ಹೋಗಲು ಬಳಸುವ ರೂಟರ್‌ನ ನಂಬರ್) ಬರೆದುಕೊಳ್ಳಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಕಮಾಂಡ್ ಕೊಟ್ಟರೆ ಎರಡೂ ಸಿಗುತ್ತವೆ. ಫೋನಿನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ ವಿವರ ನೋಡಿ. ಮನೆಯೊಳಗಿನ ವಿಳಾಸಗಳು ಸಾಮಾನ್ಯವಾಗಿ 192.168 ಅಥವಾ 10ರಿಂದ ಶುರುವಾಗುತ್ತವೆ. 172.16ರಿಂದ 172.31ರವರೆಗಿನವೂ ಇದೇ ಜಾತಿಯವು. ಇವು ಖಾಸಗಿ ಬಳಕೆಗೆಂದು 1990ರ ದಶಕದಲ್ಲೇ ಎತ್ತಿಟ್ಟವು, ಹೊರಗಿನ ಇಂಟರ್ನೆಟ್‌ನಲ್ಲಿ ನಡೆಯುವುದಿಲ್ಲ.

169.254ರಿಂದ ಶುರುವಾಗುವ ವಿಳಾಸ ಕಂಡರೆ ಆ ಸಾಧನಕ್ಕೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಎಂದು ಅರ್ಥ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಫೈಬರ್ ಬಾಕ್ಸಿನ ಹೊರಬದಿಗೆ 100.64ರಿಂದ 100.127ರೊಳಗಿನ ವಿಳಾಸ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಆಪರೇಟರ್ ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಅಷ್ಟೇ. ನಮ್ಮ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ.

ವಿಜಯನಗರದ ಮನೆಯ ಚಿತ್ರ ಹೀಗಿತ್ತು. ಹಾಲ್‌ನಲ್ಲಿ ಫೈಬರ್ ಬಾಕ್ಸ್, ಅದರ ಸಾಲು 192.168.1. ಡಿವಿಆರ್, ಪ್ರಿಂಟರ್, ಅಪ್ಪ ಅಮ್ಮನ ಫೋನುಗಳು ಅದಕ್ಕೇ. ಅಲ್ಲಿಂದ ಒಂದು ಕೇಬಲ್ ಮೊದಲ ಮಹಡಿಗೆ ಹೋಗಿ ಮಗ ಕೊಂಡು ತಂದ ರೂಟರ್‌ನ ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಬಂದು ಸೇರುವ ತೂತು) ಸೇರಿತ್ತು. ಅದರ ಸಾಲು 192.168.0. ಮಗನ ಲ್ಯಾಪ್‌ಟಾಪ್ ಅದರಲ್ಲಿ. ಬಾಡಿಗೆಯವರ ಗೆಸ್ಟ್ ವೈಫೈಯೂ ಅದರಲ್ಲೇ. ಚಿತ್ರ ಮುಗಿಯುವ ಹೊತ್ತಿಗೆ ದೋಷವೂ ಕಂಡಿತ್ತು.

ತೂತು ಇರುವುದು ಎಲ್ಲಿ

ಗೆಸ್ಟ್ ವೈಫೈಗೆ ರೂಟರ್ ಹಾಕುವ ನಿಯಮ ತುಂಬಾ ಸರಳ: ನನ್ನ ಮನೆ ಕಡೆ ಹೋಗಬೇಡ, ಇಂಟರ್ನೆಟ್ ಕಡೆ ಹೋಗು. ಮೇಲಿನ ರೂಟರ್‌ಗೆ 'ನನ್ನ ಮನೆ' ಅಂದರೆ 192.168.0 ಸಾಲು ಮಾತ್ರ. ವ್ಯಾನ್ ಪೋರ್ಟಿನ ಆಚೆ ಇರುವುದೆಲ್ಲ ಅದರ ಲೆಕ್ಕದಲ್ಲಿ ಇಂಟರ್ನೆಟ್. ಅಪ್ಪನ ಡಿವಿಆರ್ ಇರುವುದೂ ಆಚೆಯೇ! ಹಳೇ ವಠಾರದಲ್ಲಿ ಹಿಂದಿನ ಮನೆಯವರು ಬೀದಿಗೆ ಹೋಗಬೇಕಾದರೆ ಮುಂದಿನ ಮನೆಯ ಜಗಲಿ ಹಾದೇ ಹೋಗಬೇಕಲ್ಲ, ಹಾಗೆ. ಬಾಡಿಗೆ ಹುಡುಗನ ಟ್ರಾಫಿಕ್ ಎಲ್ಲ ಅಪ್ಪನ ನೆಟ್‌ವರ್ಕ್ ಹಾದೇ ಹೊರಗೆ ಹೋಗುತ್ತಿತ್ತು.

ಕೆಲವು ರೂಟರ್‌ಗಳು ಗೆಸ್ಟ್‌ನಿಂದ ಖಾಸಗಿ ವಿಳಾಸಗಳಿಗೆಲ್ಲ ದಾರಿ ಮುಚ್ಚುತ್ತವೆ. ಎಲ್ಲವೂ ಹಾಗಲ್ಲ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಪರೀಕ್ಷೆ ಮಾಡಿಯೇ ನಂಬಬೇಕು.

ಪ್ರಿಂಟರ್ ಕಾಣದಿರುವುದಕ್ಕೂ ಇದೇ ಕಾರಣ. ಪ್ರಿಂಟರ್ 'ನಾನಿಲ್ಲಿದ್ದೇನೆ' ಎಂದು ಕೂಗುವುದು ತನ್ನ ಸಾಲಿನವರಿಗೆ ಮಾತ್ರ ಕೇಳಿಸುತ್ತದೆ. ರೂಟರ್ ದಾಟಿ ಆ ಕೂಗು ಮೇಲಕ್ಕೆ ಹೋಗುವುದಿಲ್ಲ. ಅಂದರೆ ಮಗನಿಗೆ ಪ್ರಿಂಟರ್ ಕಾಣುತ್ತಿರಲಿಲ್ಲ, ಆದರೆ ವಿಳಾಸ ಹೊಡೆದರೆ ಸಿಗುತ್ತಿತ್ತು. ಬಾಡಿಗೆಯವನಿಗೂ ಡಿವಿಆರ್ ಪಟ್ಟಿಯಲ್ಲಿ ಕಂಡಿರಲಿಲ್ಲ, ವಿಳಾಸ ಹೊಡೆದಾಗ ಸಿಕ್ಕಿತು. ಕಾಣದಿರುವುದು ಬೇರೆ, ಸಿಗದಿರುವುದು ಬೇರೆ. ಮನೆ ನೆಟ್‌ವರ್ಕ್ ಬೇರ್ಪಡಿಸುವ ಕೆಲಸದಲ್ಲಿ ಜಾಸ್ತಿ ಗೊಂದಲ ಆಗುವುದು ಈ ಎರಡನ್ನು ಒಂದೇ ಅಂದುಕೊಳ್ಳುವುದರಿಂದ. ಗೆಸ್ಟ್ ವೈಫೈನಲ್ಲಿ ಸ್ಕ್ಯಾನ್ ಆ್ಯಪ್ ಹಾಕಿ, ಏನೂ ಕಾಣಲಿಲ್ಲ ಎಂದು ನೆಮ್ಮದಿಯಾಗಿ ಮಲಗುವವರು ಬಹಳ.

ತಡೆ ಇದೆಯೋ ಇಲ್ಲವೋ, ಪರೀಕ್ಷಿಸುವ ಬಗೆ

ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಮನೆಯ ವೈಫೈನಲ್ಲಿದ್ದುಕೊಂಡು ಬ್ರೌಸರ್‌ನಲ್ಲಿ ಪ್ರಿಂಟರ್ ಅಥವಾ ಡಿವಿಆರ್ ವಿಳಾಸ ಹೊಡೆಯಿರಿ. ಪುಟ ತೆರೆಯಬೇಕು. ಈಗ ಗೆಸ್ಟ್‌ಗೆ ಬದಲಿಸಿ ಅದೇ ವಿಳಾಸ ಹೊಡೆಯಿರಿ. ಪುಟ ತೆರೆದರೆ ತೂತು ಇದೆ. ತೆರೆಯದಿದ್ದರೆ ಆ ಪೋರ್ಟಿನ (ಇಲ್ಲಿ ಪೋರ್ಟ್ ಅಂದರೆ ಒಂದೊಂದು ಸೇವೆಗೆ ಇರುವ ಬಾಗಿಲಿನ ನಂಬರ್) ಮಟ್ಟಿಗೆ ತಡೆ ಇದೆ. ಮೊದಲ ಹೆಜ್ಜೆ ಬಿಡಬೇಡಿ. ಸಾಧನವೇ ಆಫ್ ಆಗಿದ್ದರೆ, ಗೆಸ್ಟ್‌ನಿಂದ ಪುಟ ಬರಲಿಲ್ಲ ಎಂದು ಸುಮ್ನೆ ಖುಷಿಪಟ್ಟಂತೆ ಆಗುತ್ತದೆ.

ಪಿಂಗ್ (ಒಂದು ವಿಳಾಸದಲ್ಲಿ ಸಾಧನ ಇದೆಯೇ ಎಂದು ಕೂಗಿ ಕೇಳುವ ಕಮಾಂಡ್) ಒಂದನ್ನೇ ನಂಬಬೇಡಿ. ವಿಂಡೋಸ್ ಕಂಪ್ಯೂಟರ್ ಬೇರೆ ಸಾಲಿನಿಂದ ಬಂದ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ರೂಟರ್ ತಡೆದಿದೆ ಅಂತಲ್ಲ. ಇದರ ಉಲ್ಟಾ ಕೂಡ ಇದೆ. ಎರಡು ಸಾಲಿರುವ ರೂಟರ್‌ನಲ್ಲಿ ಆಚೆ ಸಾಲಿನ ಗೇಟ್‌ವೇ ವಿಳಾಸಕ್ಕೆ ಪಿಂಗ್ ಹೋಗಿ ಉತ್ತರ ಬಂದರೆ ಗಾಬರಿಯಾಗಬೇಡಿ. ಆ ವಿಳಾಸ ರೂಟರ್‌ನದ್ದೇ. ಅದರ ಹಿಂದಿರುವ ಸಾಧನ ಸಿಗುತ್ತದೆಯೇ ಎಂಬುದಷ್ಟೇ ಮುಖ್ಯ. ಆದರೆ ರೂಟರ್‌ನ ಲಾಗಿನ್ ಪುಟ ಗೆಸ್ಟ್‌ನಿಂದ ತೆರೆಯುತ್ತಿದ್ದರೆ ಅದನ್ನು ಮುಚ್ಚಿ.

ಕ್ಯಾಮೆರಾ ಆ್ಯಪ್‌ನಿಂದ ಪರೀಕ್ಷೆ ಮಾಡುವುದೂ ದಂಡ. ಅಂಥ ಆ್ಯಪ್‌ಗಳು ಹೆಚ್ಚಾಗಿ ಕಂಪನಿಯ ಸರ್ವರ್ ಮೂಲಕ ಚಿತ್ರ ತರುತ್ತವೆ. ಮೈಸೂರಿನಲ್ಲಿ ಕೂತು ನೋಡಿದರೂ ಕಾಣುತ್ತದೆ, ಪಕ್ಕದ ಗೆಸ್ಟ್ ವೈಫೈಯಿಂದಲೂ ಕಾಣುತ್ತದೆ. ಅದು ತೂತಲ್ಲ.

ಒಂದರ ಹಿಂದೊಂದು ರೂಟರ್ ಇಲ್ಲ, ಆದರೂ ತೂತಿದೆ

ಹಾಗಿದ್ದರೆ ನಾನು ಮೊದಲು ಕೇಳುವುದು: ಹಳೇ ವೈಫೈ ಪಾಸ್‌ವರ್ಡ್ ಬದಲಿಸಿದ್ದೀರಾ? ಗೆಸ್ಟ್ ಹೆಸರು ಹೊಸದಾಗಿ ಹುಟ್ಟಿದ ಮಾತ್ರಕ್ಕೆ ಬಾಡಿಗೆಯವರ ಫೋನು ಹಳೇ ಪಾಸ್‌ವರ್ಡ್ ಮರೆಯುವುದಿಲ್ಲ. ಗೆಸ್ಟ್ ಸಿಗ್ನಲ್ ಕಮ್ಮಿಯಾದ ಕೂಡಲೇ ತಾನಾಗಿಯೇ ಹಳೆಯದಕ್ಕೆ ಜಿಗಿಯುತ್ತದೆ. ಎಷ್ಟೋ ಮನೆಗಳ ಕೇಸು ಇಲ್ಲೇ ಮುಗಿಯುತ್ತದೆ.

ಮುಂದಿನದು ಆ್ಯಕ್ಸೆಸ್ ಪಾಯಿಂಟ್ ಮೋಡ್. ಎರಡನೇ ರೂಟರನ್ನು ಈ ಮೋಡ್‌ನಲ್ಲಿ ಇಟ್ಟರೆ ಅದು ರೂಟರ್ ಕೆಲಸ ಬಿಟ್ಟು ಬರೀ ವೈಫೈ ಹರಡುತ್ತದೆ. ಗೆಸ್ಟ್ ಅನ್ನುವ ಹೆಸರು ಪರದೆಯ ಮೇಲೆ ಉಳಿಯುತ್ತದೆ, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ತಡೆ ಉಳಿಯುವುದಿಲ್ಲ. ಗೆಸ್ಟ್‌ನಲ್ಲಿರುವ ಫೋನಿಗೂ ಮನೆಯ ಫೋನಿಗೂ ಒಂದೇ ಸಾಲಿನ ವಿಳಾಸ ಸಿಕ್ಕಿದ್ದರೆ ಅನುಮಾನ ಪಡಿ. ಹಾಗೆಯೇ, ಗೆಸ್ಟ್‌ಗೆ ಮನೆಯ ನೆಟ್‌ವರ್ಕ್ ನೋಡಲು ಬಿಡುವ ಒಂದು ಟಿಕ್ ಗುರುತು ಸೆಟ್ಟಿಂಗ್‌ನಲ್ಲಿ ಇರುತ್ತದೆ. ಪ್ರಿಂಟರ್‌ಗೋಸ್ಕರ ಯಾರೋ ಒಂದು ದಿನ ಅದನ್ನು ಹಾಕಿ ಹಾಗೇ ಬಿಟ್ಟಿರುತ್ತಾರೆ.

ಎಪಿ ಐಸೊಲೇಶನ್ ಎಂಬ ಸೆಟ್ಟಿಂಗ್ ಬಗ್ಗೆಯೂ ತಪ್ಪು ತಿಳಿವಳಿಕೆ ಜಾಸ್ತಿ. ಅದು ಒಂದು ವೈಫೈ ಸಾಧನ ಇನ್ನೊಂದು ವೈಫೈ ಸಾಧನದ ಜೊತೆ ನೇರವಾಗಿ ಮಾತಾಡದಂತೆ ತಡೆಯುತ್ತದೆ. ಕೇಬಲ್‌ನಲ್ಲಿರುವ ಡಿವಿಆರ್‌ಗೆ ಹೋಗುವುದನ್ನು ಹೆಚ್ಚಾಗಿ ತಡೆಯುವುದಿಲ್ಲ. ಪಿಜಿಗಳಲ್ಲಿ ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರಿಗೆ ಸಿಗದಿರಲಿ ಎಂದು ಇದನ್ನು ಹಾಕಿ, ಆಫೀಸ್ ರೂಮಿನ ಡಿವಿಆರ್ ಎಲ್ಲರಿಗೂ ತೆರೆದಿಟ್ಟಿರುತ್ತಾರೆ. ಮಹಡಿಗೊಂದು ಆ್ಯಕ್ಸೆಸ್ ಪಾಯಿಂಟ್ ಇದ್ದರೆ, ಒಂದರಲ್ಲಿರುವವರು ಇನ್ನೊಂದರಲ್ಲಿರುವವರಿಗೆ ಸಿಗುವುದೂ ಉಂಟು.

ಇನ್ನೊಂದು ಐಪಿವಿ6, ಅಂದರೆ ಹೊಸ ಬಗೆಯ ಉದ್ದನೆಯ ಐಪಿ ವಿಳಾಸ. ಇಲ್ಲಿಯವರೆಗೆ ಹೇಳಿದ್ದು ಹಳೆಯ ಐಪಿವಿ4. ನಮ್ಮಲ್ಲಿ ಬಹಳಷ್ಟು ಆಪರೇಟರ್‌ಗಳು ಈಗ ಅದನ್ನೂ ಕೊಡುತ್ತಾರೆ. ನಿಯಮಗಳನ್ನು ಕೈಯಾರೆ ಬರೆದವರು ಐಪಿವಿ4ಗೆ ಮಾತ್ರ ಬರೆದು ಇದನ್ನು ಮರೆತಿದ್ದರೆ, ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ಮೇಲೆ ಹೇಳಿದ ಬ್ರೌಸರ್ ಪರೀಕ್ಷೆಯನ್ನು ಸಾಧನದ ಐಪಿವಿ6 ವಿಳಾಸಕ್ಕೂ ಮಾಡಿ. ಬ್ರೌಸರ್‌ನಲ್ಲಿ ಅದನ್ನು ಚೌಕ ಕಂಸದೊಳಗೆ ಬರೆಯಬೇಕು.

ಪ್ರಿಂಟರ್, ಟಿವಿ ಕಾಣೆಯಾದಾಗ

ರೂಟರ್ ಮುಟ್ಟುವ ಮೊದಲು ಎರಡು ವಿಷಯ ನೋಡಿ. ಐಫೋನ್‌ನಲ್ಲಿ 2020ರ ಐಓಎಸ್ 14ರಿಂದ ಪ್ರತಿ ಆ್ಯಪ್‌ಗೂ ಲೋಕಲ್ ನೆಟ್‌ವರ್ಕ್ ಅನುಮತಿ ಬೇರೆಯಾಗಿ ಕೊಡಬೇಕು. ಮೊದಲ ಸಲ ಕೇಳಿದಾಗ ಬೇಡ ಎಂದಿದ್ದರೆ ಆ ಆ್ಯಪ್‌ಗೆ ಟಿವಿಯೂ ಕಾಣುವುದಿಲ್ಲ, ಪ್ಲಗ್ಗೂ ಕಾಣುವುದಿಲ್ಲ. ಎರಡನೆಯದು ಆಫೀಸ್ ಲ್ಯಾಪ್‌ಟಾಪಿನ ವಿಪಿಎನ್, ಅಂದರೆ ಆಫೀಸ್ ನೆಟ್‌ವರ್ಕ್‌ಗೆ ಹೋಗುವ ಸುರಕ್ಷಿತ ದಾರಿ. ಎಷ್ಟೋ ಕಂಪನಿಗಳ ವಿಪಿಎನ್ ಆನ್ ಆದ ಕೂಡಲೇ ಮನೆಯ ಪ್ರಿಂಟರ್‌ಗೆ ದಾರಿ ಕಟ್ ಆಗುತ್ತದೆ. ವಿಪಿಎನ್ ಆಫ್ ಮಾಡಿದಾಗ ಪ್ರಿಂಟ್ ಬಂದರೆ ರೂಟರ್‌ನದ್ದೇನೂ ತಪ್ಪಿಲ್ಲ. ಆಫೀಸ್ ಯಂತ್ರದ ಸೆಟ್ಟಿಂಗ್ ಕೆದಕಲು ಹೋಗಬೇಡಿ, ಆಫೀಸಿನ ಐಟಿಯವರನ್ನು ಕೇಳಿ.

ಆಮೇಲೆ ಅದೇ ಬ್ರೌಸರ್ ಪರೀಕ್ಷೆ. ಲ್ಯಾಪ್‌ಟಾಪಿನಿಂದ ಪ್ರಿಂಟರ್ ವಿಳಾಸ ಹೊಡೆಯಿರಿ.

ಪುಟ ತೆರೆದರೆ ದಾರಿ ಇದೆ, ಕೂಗು ಮಾತ್ರ ಕೇಳಿಸುತ್ತಿಲ್ಲ. ಆ ಕೂಗಿನ ಹೆಸರು ಎಂಡಿಎನ್‌ಎಸ್. ಅದು 224.0.0.251 ವಿಳಾಸಕ್ಕೆ, 5353 ಪೋರ್ಟಿನಲ್ಲಿ ಹೋಗುತ್ತದೆ. ಟಿವಿಗಳು ಬಳಸುವ ಎಸ್‌ಎಸ್‌ಡಿಪಿ 239.255.255.250 ವಿಳಾಸ, 1900 ಪೋರ್ಟ್. ಮನೆಯ ರೂಟರ್ ಇವೆರಡನ್ನೂ ಒಂದು ಸಾಲಿನಿಂದ ಇನ್ನೊಂದಕ್ಕೆ ತಾನಾಗಿ ದಾಟಿಸುವುದಿಲ್ಲ. ಪ್ರಿಂಟರ್‌ಗೆ ಇದರ ಪರಿಹಾರ ಸುಲಭ. ರೂಟರ್‌ನ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ) ಪುಟದಲ್ಲಿ ಪ್ರಿಂಟರ್‌ಗೆ ಒಂದು ವಿಳಾಸ ಕಾಯ್ದಿರಿಸಿ, ಲ್ಯಾಪ್‌ಟಾಪಿನಲ್ಲಿ 'ಐಪಿ ವಿಳಾಸದಿಂದ ಪ್ರಿಂಟರ್ ಸೇರಿಸಿ' ಎಂಬ ದಾರಿ ಹಿಡಿಯಿರಿ. ಕಾಯ್ದಿರಿಸದೇ ಸೇರಿಸಿದರೆ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾದರೆ ಮತ್ತೆ ಅದೇ ರಾಮಾಯಣ.

ಪುಟ ತೆರೆಯದಿದ್ದರೆ ದಾರಿಯೇ ಇಲ್ಲ. ನಿಯಮ ಬರೆಯಲು ಬಿಡುವ ರೂಟರ್ ಆದರೆ, ಮನೆಯ ಸಾಲಿನಿಂದ ಪ್ರಿಂಟರ್‌ನ 631 ಮತ್ತು 9100 ಪೋರ್ಟುಗಳಿಗೆ ಬಿಡಿ, ಬೇರೇನೂ ಬೇಡ.

ಟಿವಿಗೆ ಕಾಸ್ಟ್ ಮಾಡುವುದು ಸ್ವಲ್ಪ ಕಿರಿಕಿರಿ. ಕಾಸ್ಟ್ ಬಟನ್ ಬರಬೇಕಾದರೆ ಆ ಕೂಗು ಕೇಳಿಸಲೇಬೇಕು. ಎಂಡಿಎನ್‌ಎಸ್ ರಿಪೀಟರ್ ಎಂಬ ಆಯ್ಕೆ ಇರುವ ರೂಟರ್‌ಗಳಿವೆ. ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಬದಲಿ ಸಾಫ್ಟ್‌ವೇರ್ ಹಾಕಿದವರು ಅವಾಹಿ ಎಂಬ ಪ್ರೋಗ್ರಾಂ ಬಳಸಬಹುದು. ಆದರೆ ರಿಪೀಟರ್ ಹೆಸರನ್ನಷ್ಟೇ ದಾಟಿಸುತ್ತದೆ. ಬಟನ್ ಬಂದು, ಒತ್ತಿದರೆ ಸುತ್ತುತ್ತಲೇ ಇದ್ದರೆ, ಫೋನಿನಿಂದ ಟಿವಿಗೆ ಹೋಗುವ ನಿಯಮ ಇನ್ನೂ ಬಾಕಿ ಎಂದು ಅರ್ಥ. ಇಷ್ಟೆಲ್ಲ ಬೇಡ ಅನ್ನಿಸಿದರೆ, ಟಿವಿ ನೋಡುವ ಹೊತ್ತಿಗೆ ಫೋನನ್ನು ಟಿವಿ ಇರುವ ವೈಫೈಗೆ ಬದಲಿಸಿಕೊಳ್ಳಿ. ಅದರಲ್ಲಿ ನಾಚಿಕೆಯೇನಿಲ್ಲ.

ಸ್ಮಾರ್ಟ್ ಪ್ಲಗ್ ಹೊಸ ವೈಫೈಗೆ ಸೇರುತ್ತಿಲ್ಲವೇ? ಬಹಳಷ್ಟು ಪ್ಲಗ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಡಬ್ಲ್ಯೂಪಿಎ3 (ವೈಫೈ ಭದ್ರತೆಯ ಹೊಸ ಬಗೆ) ಮಾತ್ರ ಇಟ್ಟರೆ ಹಳೆಯವು ಸೇರುವುದಿಲ್ಲ. ಸೇರಿಸುವಾಗ ಫೋನು ಪ್ಲಗ್ ಜೊತೆ ನೇರವಾಗಿ ಮಾತಾಡಬೇಕಾಗಬಹುದು. ಆ ಐದು ನಿಮಿಷ ಎಪಿ ಐಸೊಲೇಶನ್ ತೆಗೆದು, ಆಮೇಲೆ ಹಾಕಿ.

ವಿಲ್ಯಾನ್ ಮಾಡಿಕೊಂಡವರಿಗೆ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಿಂದ ಸ್ವಿಚ್ ತಂದು ವಿಲ್ಯಾನ್ (ಅದೇ ಸ್ವಿಚ್, ಅದೇ ಕೇಬಲ್‌ನಲ್ಲಿ ಬೇರೆ ಬೇರೆ ಸಾಲು ಮಾಡುವ ವ್ಯವಸ್ಥೆ) ಕಟ್ಟಿಕೊಂಡವರು ನೋಡಬೇಕಾದ್ದು ಸ್ವಲ್ಪ ಬೇರೆ. ಸಾಧನಕ್ಕೆ 169.254 ವಿಳಾಸ ಬಂದಿದ್ದರೆ, ಸಾಮಾನ್ಯವಾಗಿ ಅದರ ಮತ್ತು ರೂಟರ್‌ನ ನಡುವೆ ಎಲ್ಲೋ ಟ್ಯಾಗ್ (ಡೇಟಾ ಯಾವ ವಿಲ್ಯಾನ್‌ನದ್ದು ಎಂಬ ಗುರುತು) ಕಳೆದುಹೋಗಿರುತ್ತದೆ. ಸಾಧನ ಸೇರುವ ಪೋರ್ಟಿನ ಪಿವಿಐಡಿ (ಟ್ಯಾಗ್ ಇಲ್ಲದೆ ಬಂದದ್ದನ್ನು ಯಾವ ವಿಲ್ಯಾನ್‌ಗೆ ಸೇರಿಸಬೇಕು ಎಂಬ ನಂಬರ್) ಸರಿ ಇದೆಯೇ, ರೂಟರ್ ಕಡೆಯ ಪೋರ್ಟಿನಲ್ಲಿ ಆ ವಿಲ್ಯಾನ್ ಟ್ಯಾಗ್ ಆಗಿ ಹೋಗುತ್ತಿದೆಯೇ ನೋಡಿ. ಪಿವಿಐಡಿ ಬದಲಿಸದೇ, ಪೋರ್ಟು ಯಾವ ವಿಲ್ಯಾನ್‌ಗೆ ಸೇರಿದೆ ಎಂಬ ಸದಸ್ಯತ್ವ ಮಾತ್ರ ಬದಲಿಸಿರುವುದು ಸಾಮಾನ್ಯ. ನಡುವೆ ಒಂದು ಅನ್‌ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಲಾಗದ) ಸ್ವಿಚ್ ಇದ್ದರೆ ಅದರ ಕೆಳಗಿನವರೆಲ್ಲ ಒಂದೇ ಸಾಲು. ಅಲ್ಲಿ ಬೇರ್ಪಡಿಸುವ ಮಾತೇ ಇಲ್ಲ.

'ಕನೆಕ್ಟೆಡ್, ಇಂಟರ್ನೆಟ್ ಇಲ್ಲ' ಎಂದು ತೋರಿಸಿದರೆ ಬಹುಶಃ ನಿಯಮ ಅತಿಯಾಗಿದೆ. ಕ್ಯಾಮೆರಾಗಳ ಸಾಲು ರೂಟರ್ ಅನ್ನು ಮುಟ್ಟಲೇಬಾರದು ಎಂದು ಬರೆದಾಗ, ಹೆಸರು ಹುಡುಕುವ 53ನೇ ಪೋರ್ಟ್ ಮತ್ತು ವಿಳಾಸ ಕೊಡುವ 67ನೇ ಪೋರ್ಟ್ ಕೂಡ ಮುಚ್ಚಿಹೋಗುತ್ತವೆ. ಅವೆರಡನ್ನು ಬಿಟ್ಟು ಮಿಕ್ಕಿದ್ದು ಮುಚ್ಚಿ. ಇನ್ನು ನಿಯಮಗಳನ್ನು ಮೇಲಿನಿಂದ ಕೆಳಗೆ ಓದುವ ರೂಟರ್‌ಗಳೇ ಹೆಚ್ಚು, ಮೊದಲು ಹೊಂದಿದ್ದೇ ಕೊನೆ ಮಾತು. ಶುರುವಾದ ಸಂಪರ್ಕಕ್ಕೆ ಬರುವ ಉತ್ತರವನ್ನು ಬಿಡುವ ನಿಯಮ ಎಲ್ಲಕ್ಕಿಂತ ಮೇಲೆ ಇರಲಿ. ಅದಿಲ್ಲದಿದ್ದರೆ ಮನೆಯಿಂದ ಕ್ಯಾಮೆರಾಗೆ ಮಾತು ಹೋಗುತ್ತದೆ, ಉತ್ತರ ವಾಪಸ್ ಬರುವುದಿಲ್ಲ.

ಫೈಬರ್ ಬಾಕ್ಸಿನ ಹೊರಬದಿಯಲ್ಲಿ ಒಂದು ವಿಲ್ಯಾನ್ ನಂಬರ್ ಕಾಣಬಹುದು. ಅದು ಆಪರೇಟರ್‌ನದ್ದು. ಮುಟ್ಟಿದರೆ ನೆಟ್ಟೇ ಹೋಗುತ್ತದೆ.

ನನ್ನನ್ನು ಕೇಳಿದರೆ, ಬಹುತೇಕ ಮನೆಗಳಿಗೆ ಎರಡು ಸಾಲು ಸಾಕು: ನಂಬುವವು ಒಂದು, ನಂಬದವು ಒಂದು. ಐದಾರು ವಿಲ್ಯಾನ್ ಮಾಡಿದ ಮಗ ಆನ್‌ಸೈಟ್ ಹೋದ ಮೇಲೆ ಅಪ್ಪನಿಗೆ ಒಂದು ಪ್ರಿಂಟ್ ತೆಗೆಯಲೂ ಆಗುವುದಿಲ್ಲ.

ವಿಜಯನಗರದ ಮನೆಗೆ ಮಾಡಿದ್ದು

ಎರಡು ದಾರಿ ಇದ್ದವು. ಚಿಕ್ಕದು: ಮೇಲಿನ ರೂಟರ್‌ನಲ್ಲಿ ಗೆಸ್ಟ್‌ನಿಂದ 192.168.1 ಸಾಲಿಗೆ ಪೂರ್ತಿ ತಡೆ ಹಾಕುವುದು. ಇದರಿಂದ ಗೆಸ್ಟ್‌ಗೆ ನೆಟ್ ನಿಲ್ಲುವುದಿಲ್ಲ. ಹೊರಗೆ ಹೋಗುವ ಪ್ಯಾಕೆಟ್ ಆ ಸಾಲನ್ನು ಹಾದು ಹೋದರೂ ಅದರ ಮೇಲೆ ಬರೆದ ವಿಳಾಸ ಹೊರಗಿನದ್ದೇ ತಾನೇ. ಆದರೆ ಅವರ ರೂಟರ್‌ನಲ್ಲಿ ಅಂಥ ನಿಯಮ ಬರೆಯುವ ಜಾಗವೇ ಇರಲಿಲ್ಲ.

ಹಾಗಾಗಿ ಜಾಗ ಅದಲುಬದಲು ಮಾಡಿದೆವು. ಕಾಯಬೇಕಾದ್ದು ಒಳಗಿನ ರೂಟರ್ ಹಿಂದೆ, ನಂಬದಿರುವುದು ಹೊರಗಿನದರಲ್ಲಿ. ಮಗನ ರೂಟರ್ ಹಾಲ್‌ಗೆ ಇಳಿದು ಫೈಬರ್ ಬಾಕ್ಸಿನ ಪಕ್ಕ ಕೂತಿತು. ಡಿವಿಆರ್, ಪ್ರಿಂಟರ್, ಮನೆಯವರ ಫೋನು, ಲ್ಯಾಪ್‌ಟಾಪ್ ಎಲ್ಲ ಅದಕ್ಕೆ. ಮೊದಲ ಮಹಡಿಗೆ ಅದರಿಂದಲೇ ಕೇಬಲ್ ಎಳೆದು ಒಂದು ಆ್ಯಕ್ಸೆಸ್ ಪಾಯಿಂಟ್. ಬಾಡಿಗೆಯವರಿಗೆ ಫೈಬರ್ ಬಾಕ್ಸಿನಿಂದ ನೇರ ಕೇಬಲ್, ತುದಿಯಲ್ಲಿ ಮನೆಯಲ್ಲೇ ಧೂಳು ತಿನ್ನುತ್ತಿದ್ದ ಹಳೇ ರೂಟರ್, ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ. ಫೈಬರ್ ಬಾಕ್ಸಿನ ಲಾಗಿನ್ ಪಾಸ್‌ವರ್ಡೂ ಹೊಸದು. ಪ್ರಿಂಟರ್ ಮತ್ತು ಮಗ ಈಗ ಒಂದೇ ಸಾಲು, ಹಾಗಾಗಿ ಆ ದೂರು ತಾನಾಗಿ ಹೋಯಿತು.

ಒಂದು ಕೊರತೆ ಉಳಿಯಿತು. ಒಳಗಿನವರು ಹೊರಗಿನ ಸಾಲಿನ ಬಾಡಿಗೆ ಹುಡುಗನ ಸಾಧನಗಳನ್ನು ವಿಳಾಸ ಹೊಡೆದು ಮುಟ್ಟಬಹುದು. ಅದನ್ನು ಅವನಿಗೆ ಹೇಳಿದೆವು. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ತನ್ನ ವೈಫೈಯನ್ನು ಪಬ್ಲಿಕ್ ನೆಟ್‌ವರ್ಕ್ (ಅಕ್ಕಪಕ್ಕದವರನ್ನು ನಂಬದ ಸೆಟ್ಟಿಂಗ್) ಎಂದು ಗುರುತಿಸಿಕೊಂಡ. ಇದೂ ಬೇಡ ಅನ್ನುವವರು ಬಾಡಿಗೆಯವರಿಗೆ ಬೇರೆ ಕನೆಕ್ಷನ್ ಹಾಕಿಸಿಕೊಳ್ಳಲು ಹೇಳುವುದೇ ಸರಿ.

ಮತ್ತೆ ಹಾಳಾಗುವುದು ಯಾವಾಗ

ಕರೆಂಟ್ ಹೋಗಿ ಬಂದ ಮಾತ್ರಕ್ಕೆ, ಉಳಿಸಿದ ಸೆಟ್ಟಿಂಗ್ ಹೋಗುವುದಿಲ್ಲ. ಉಳಿಸದೇ ಬಿಟ್ಟದ್ದು ಹೋಗುತ್ತದೆ. ಜಾಸ್ತಿ ಹುಷಾರಾಗಿರಬೇಕಾದ್ದು ಫೈಬರ್ ಬಾಕ್ಸಿನ ಬಗ್ಗೆ. ಟಿಆರ್-069 ಎಂಬ ವ್ಯವಸ್ಥೆಯಿಂದ ಆಪರೇಟರ್‌ಗಳು ಅದನ್ನು ದೂರದಿಂದಲೇ ಬದಲಿಸಬಲ್ಲರು, ಫರ್ಮ್‌ವೇರ್ (ಬಾಕ್ಸಿನೊಳಗಿನ ಸಾಫ್ಟ್‌ವೇರ್) ಹಾಕಬಲ್ಲರು. ಕಸ್ಟಮರ್ ಕೇರ್‌ನವರು 'ಸಾರ್, ಒಂದ್ಸಲ ರೀಸೆಟ್ ಮಾಡಿ' ಎಂದಾಗ ನೀವು ಪಿನ್ ಚುಚ್ಚಿದರೆ ಗೆಸ್ಟ್, ಪಾಸ್‌ವರ್ಡ್, ಕಾಯ್ದಿರಿಸಿದ ವಿಳಾಸ ಎಲ್ಲ ಹೋಯಿತು. ಬೇರ್ಪಡಿಸುವ ಕೆಲಸವನ್ನು ಆ ಬಾಕ್ಸಿನ ಮೇಲೆ ಹೊರಿಸದೆ ನಿಮ್ಮ ಸ್ವಂತ ರೂಟರ್‌ನಲ್ಲಿ ಇಟ್ಟುಕೊಳ್ಳಿ. ಅದರ ಸೆಟ್ಟಿಂಗ್‌ನ ಬ್ಯಾಕಪ್ ಫೈಲ್ ಒಂದು ಪೆನ್‌ಡ್ರೈವ್‌ಗೆ ಹಾಕಿ. ರಿಪೇರಿಯವರು ಬಂದು ಹೋದ ದಿನ, ಫರ್ಮ್‌ವೇರ್ ಬದಲಾದ ದಿನ, ಗೆಸ್ಟ್‌ನಿಂದ ಡಿವಿಆರ್ ವಿಳಾಸ ಹೊಡೆಯುವ ಪರೀಕ್ಷೆ ಮತ್ತೆ ಮಾಡಿ. ಒಂದು ನಿಮಿಷದ ಕೆಲಸ. ವಿಳಾಸಗಳ ಕಾಗದವನ್ನು ಬಾಕ್ಸಿನ ಪಕ್ಕದ ಗೋಡೆಗೇ ಅಂಟಿಸಿಡಿ, ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.